ದ್ರಾಕ್ಷಿ ಶೆಡ್ಡಿನ ಶನಿವಾರಗಳು

ಮೊದಲ ಸಲ ನಾನು ಆ ಶೆಡ್ಡಿಗೆ ಹೋದದ್ದು ಉತ್ತರಪತ್ರಿಕೆ ತಿದ್ದುವುದಕ್ಕೆ. ಅದು ನಿಜ. ಸುಳ್ಳು ಶುರುವಾದದ್ದು ಎರಡನೆಯ ಸಲದಿಂದ.

ತಿಕೋಟಾದ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಮನೆ ವಿಜಯಪುರದ ಜಲನಗರದಲ್ಲಿದೆ. ಮೂರು ಕೋಣೆಯ ಮನೆ. ಅದರಲ್ಲಿ ಗಂಡ, ಅತ್ತೆ, ಕಾಲೇಜಿಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು ಮತ್ತು ನಾನು. ಬೆಳಿಗ್ಗೆ ಬಸ್ಸಿನಲ್ಲಿ ಹೋಗುತ್ತೇನೆ, ಸಂಜೆ ಬಸ್ಸಿನಲ್ಲಿ ಬರುತ್ತೇನೆ. ಕಳೆದ ವರ್ಷ ಮಳೆಗಾಲದಲ್ಲಿ ಒಂದು ಕಿರುಪರೀಕ್ಷೆ ಮುಗಿದಾಗ ಪೇಪರುಗಳ ಕಟ್ಟನ್ನು ಎದುರಿಗಿಟ್ಟುಕೊಂಡು ಸ್ಟಾಫ್ ರೂಮಿನಲ್ಲಿ ತಲೆ ಹಿಡಿದು ಕೂತಿದ್ದೆ. ಮನೆಗೆ ಒಯ್ದರೆ ಟೀವಿ, ಕುಕ್ಕರಿನ ಸೀಟಿ, ಸ್ಪೀಕರ್ ಹಾಕಿಕೊಂಡು ಫೋನಿನಲ್ಲಿ ಮಾತಾಡುವ ಅತ್ತೆ. ನಮ್ಮ ಗಣಿತದ ಟೀಚರಿಗೆ ಕನಿಕರ ಬಂತು.

“ನಮ್ಮ ತವರಮನಿ ತ್ವಾಟದಾಗ ದ್ರಾಕ್ಷಿ ಒಣಸೋ ಶೆಡ್ ಐತಲ್ರಿ, ಈಗ ಖಾಲಿ ಬಿದ್ದೈತಿ. ಬಾಜೂಕ ಒಂದು ಖೋಲಿ ಐತಿ. ಕೀಲಿ ಕೊಡ್ತೇನಿ, ಶನಿವಾರ ಸಾಲಿ ಬಿಟ್ಟ ಮ್ಯಾಲ ಅಲ್ಲೇ ಕುಂತು ತಿದ್ದಿ ಹೋಗ್ರಿ,” ಅಂದರು.

ಶನಿವಾರ ನಮಗೆ ಅರ್ಧ ದಿನದ ಶಾಲೆ. ಊರಿನಿಂದ ವಿಜಯಪುರದ ಕಡೆಗೆ ಸ್ವಲ್ಪ ದೂರದಲ್ಲಿ ಒಂದು ಕ್ರಾಸ್. ಅಲ್ಲಿ ಬಸ್ಸಿಳಿದು ಬಳ್ಳಿಚಪ್ಪರಗಳ ನಡುವಿನ ಮಣ್ಣುದಾರಿಯಲ್ಲಿ ಒಂದು ಕಿಲೋಮೀಟರ್ ನಡೆಯಬೇಕು. ಶೆಡ್ಡು ಎಂದರೆ ತಗಡಿನ ಮಾಡು, ಕಬ್ಬಿಣದ ಕಂಬಗಳು, ದ್ರಾಕ್ಷಿ ಹರಡಲು ಒಂದರ ಮೇಲೊಂದು ಕಟ್ಟಿದ ಬಲೆಯಂಥ ಜಾಳಿಗೆಯ ಅಂತಸ್ತುಗಳು, ಸುತ್ತ ಹಸಿರು ಪರದೆ. ದ್ರಾಕ್ಷಿ ಕೊಯ್ಲಿನ ಮೂರು ತಿಂಗಳು ಬಿಟ್ಟರೆ ವರ್ಷವಿಡೀ ಅಲ್ಲಿ ಗಾಳಿಯೊಂದೇ ಓಡಾಡುತ್ತದೆ. ಒಂದು ತುದಿಗೆ ಖಾಲಿ ಕ್ರೇಟುಗಳನ್ನು ಪೇರಿಸಿಡುವ ಚಿಕ್ಕ ಕೋಣೆ. ಒಂದು ಕಿಟಕಿ, ಒಂದು ಚಾಪೆ. ಒಣದ್ರಾಕ್ಷಿಯ ವಾಸನೆ ಗೋಡೆಗೇ ಹಿಡಿದುಬಿಟ್ಟಿತ್ತು.

ಪೇಪರು ತಿದ್ದಿ ಮುಗಿದಾಗ ಎರಡು ಗಂಟೆಯೂ ಆಗಿರಲಿಲ್ಲ. ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಚಪ್ಪಲಿ ಬಿಟ್ಟು ಕಾಲು ಚಾಚಿ ಕುಳಿತೆ. ತಗಡು ಬಿಸಿಲಿಗೆ ಟಿಕ್ ಟಿಕ್ ಎನ್ನುತ್ತಿತ್ತು. ಯಾರೂ ಕರೆಯಲಿಲ್ಲ. ನಾನು ಆ ಹೊತ್ತಿಗೆ ಮೇಡಂ ಅಲ್ಲ, ಅಮ್ಮಿ ಅಲ್ಲ, ಸೊಸೆ ಅಲ್ಲ. ಚೀಲದಲ್ಲಿ ತಿಂಗಳಿಂದ ಓದದೆ ಹೊತ್ತು ತಿರುಗುತ್ತಿದ್ದ ಒಂದು ಕಾದಂಬರಿ ಇತ್ತು. ತೆಗೆದು ಒಂದು ಪುಟ ಓದಿದೆ, ಮತ್ತೆ ಅದೇ ಪುಟವನ್ನು ಜೋರಾಗಿ ಓದಿದೆ. ನನ್ನ ದನಿ ಕೇಳಿ ನನಗೇ ಆಶ್ಚರ್ಯವಾಯಿತು. ಇಪ್ಪತ್ತು ವರ್ಷದಿಂದ ಹಿಂದಿನ ಬೆಂಚಿಗೆ ಕೇಳುವ ಹಾಗೆ ಮಾತಾಡಿ ಮಾತಾಡಿ, ಹತ್ತಿರ ಕೂತವರಿಗೆ ಮಾತ್ರ ಕೇಳುವ ದನಿಯೊಂದು ನನ್ನಲ್ಲಿದೆ ಎಂಬುದನ್ನೇ ಮರೆತಿದ್ದೆ. ಒಂದು ವಾಕ್ಯದ ನಡುವೆ ಪುಸ್ತಕ ಮುಚ್ಚಿ ಕಿಟಕಿ ನೋಡುತ್ತ ಕೂತೆ. ವಾಕ್ಯ ಅರ್ಧಕ್ಕೇ ಇರಲಿ, ಯಾರಿಗೇನು ಅವಸರ ಅನಿಸಿತು. ಅಷ್ಟು ಸುಖ ನನಗೆ ಯಾವ ಮದುವೆಯಲ್ಲೂ ಯಾವ ಹಬ್ಬದಲ್ಲೂ ಆಗಿರಲಿಲ್ಲ. ಸುಖ ಅಂತ ಗೊತ್ತಾದ ಕೂಡಲೇ ಎದ್ದು ಬಾಗಿಲಿನ ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ನೋಡಿ ಬಂದೆ.

ಈ ಚಿಲಕ ನೋಡುವ ಚಟ ಹಳೆಯದು. ನನ್ನ ತವರು ಬಬಲೇಶ್ವರ. ಅಬ್ಬಾನದು ಅಲ್ಲಿ ಬಟ್ಟೆ ಅಂಗಡಿ. ಅಂಗಡಿಯ ಹಿಂದೆಯೇ ಮನೆ, ಮನೆ ತುಂಬ ಜನ. ನಾನು ಬಟ್ಟೆಯ ಗಂಟುಗಳ ಹಿಂದೆ ಸೇರಿಕೊಂಡು ಹಳೆಯ ಬಿಲ್ಲುಗಳ ಬೆನ್ನಿಗೆ ಚಿತ್ರ ಬರೆಯುತ್ತಿದ್ದೆ. ಬೀಗ, ಗಜಕೋಲು, ಕತ್ತರಿ, ಏನು ಕಂಡರೆ ಅದು. ಮನುಷ್ಯರ ಮುಖ ಬರೆಯುವುದು ನಮ್ಮ ಮನೆಯಲ್ಲಿ ಯಾರಿಗೂ ಸೇರುತ್ತಿರಲಿಲ್ಲ, ಹಾಗಾಗಿ ವಸ್ತುಗಳೇ ನನ್ನ ಪಾಲಿಗೆ ಬಂದವು. ಅಮ್ಮಿ ಅರ್ಧ ಗಂಟೆ ನಾನು ಕಾಣದಿದ್ದರೆ ಹುಡುಕಿಕೊಂಡು ಬಂದು ಹಣೆ ಮುಟ್ಟಿ ನೋಡುತ್ತಿದ್ದಳು. ಜ್ವರವಿಲ್ಲ ಎಂದು ಖಾತ್ರಿಯಾದರೆ, “ಮತ್ತೆ ಯಾರ ಜೊತೆ ಜಗಳ?” ಎಂದು ಕೇಳುವಳು. ಒಬ್ಬಳೇ ಕೂತಿರುವುದಕ್ಕೆ ಜ್ವರ ಅಥವಾ ಜಗಳ, ಇವೆರಡನ್ನು ಬಿಟ್ಟು ಮೂರನೆಯ ಕಾರಣ ಇರಬಹುದು ಎಂದು ಅವಳಿಗೆ ಹೊಳೆಯುತ್ತಿರಲಿಲ್ಲ. ಅವಳ ಮೇಲೆ ನನಗೆ ಕೋಪವಿಲ್ಲ. ನನ್ನ ದೊಡ್ಡ ಮಗಳು ಕೋಣೆಯ ಬಾಗಿಲು ಹಾಕಿಕೊಂಡರೆ ನಾನೂ ಐದು ನಿಮಿಷಕ್ಕೊಮ್ಮೆ ಏನೋ ನೆಪ ತೆಗೆದು ಬಾಗಿಲು ತಟ್ಟುತ್ತೇನೆ.

ಮುಂದಿನ ಶನಿವಾರ ಮನೆಯಲ್ಲಿ “ಮೀಟಿಂಗ್ ಇದೆ” ಅಂದೆ. ಮತ್ತೊಂದು ಶನಿವಾರ “ಟ್ರೇನಿಂಗ್” ಅಂದೆ. ಗಣಿತದ ಟೀಚರಿಗೆ, “ಇನ್ನಷ್ಟು ಪೇಪರ್ ಉಳಿದಾವ್ರಿ,” ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಒಬ್ಬಾಕಿನ ಅಲ್ಲಿ ಅಂಜಿಕಿ ಬರಂಗಿಲ್ಲೇನ್ರಿ?” ಎಂದು ಕೇಳಿದರು. ಒಬ್ಬಾಕಿನ ಎಂಬ ಪದವನ್ನು ಅವರು ಸ್ವಲ್ಪ ಎಳೆದರೆಂದು ನನಗೆ ಅನಿಸಿತು.

ಆ ಕೋಣೆಯಲ್ಲಿ ನಾನು ಮತ್ತೆ ಚಿತ್ರ ಬರೆಯತೊಡಗಿದೆ. ಒಂದು ಡ್ರಾಯಿಂಗ್ ಪುಸ್ತಕ, ನಾಲ್ಕು ಪೆನ್ಸಿಲ್, ಕೈ ಒರೆಸಿಕೊಳ್ಳಲು ಒಂದು ಹಳೆಯ ಹಳದಿ ದುಪಟ್ಟಾ. ಇಷ್ಟನ್ನು ಕ್ರೇಟುಗಳ ನಡುವೆ ಬಚ್ಚಿಟ್ಟು ಬರುತ್ತಿದ್ದೆ. ಮನೆಗೆ ಒಯ್ಯುವ ಧೈರ್ಯವಿರಲಿಲ್ಲ. ಬರೆಯಲು ಅಲ್ಲಿ ಏನು ಮಹಾ ಇತ್ತು? ಒಡೆದ ಕ್ರೇಟಿನ ಮೂಲೆ, ತೂಕದ ಕಲ್ಲು, ಗೋಡೆಯ ಮೊಳೆಗೆ ನೇತುಹಾಕಿದ ಜಾಳಿಗೆಯ ತುಂಡು. ಜಾಳಿಗೆಗೇ ಎರಡು ಶನಿವಾರ ಹಿಡಿಯಿತು. ಬೋರ್ಡಿನ ಮೇಲೆ ಹೃದಯದ ಚಿತ್ರವನ್ನು ನಾನು ಎರಡು ನಿಮಿಷದಲ್ಲಿ ಬರೆದು ಭಾಗಗಳನ್ನು ಗುರುತಿಸುತ್ತೇನೆ. ಇಲ್ಲಿ ಯಾವ ಭಾಗವನ್ನೂ ಯಾರಿಗೂ ಗುರುತಿಸಬೇಕಾಗಿರಲಿಲ್ಲ. ಒಂದು ಗಂಟು ಎಲ್ಲಿ ಒಳಗೆ ಹೋಗಿ ಎಲ್ಲಿ ಹೊರಗೆ ಬರುತ್ತದೆ ಎಂದು ನೋಡುತ್ತ ಕೂತರೆ ಗಂಟೆ ಹೋಗುತ್ತಿತ್ತು.

ಆಗಸ್ಟ್ ಕೊನೆಯ ಹೊತ್ತಿಗೆ ಮೊದಲ ಅನುಮಾನ ಬಂತು. ನಾನು ಚಾಪೆಯನ್ನು ಸುತ್ತಿ ನಿಲ್ಲಿಸಿ ಬಂದಿದ್ದೆ. ಮುಂದಿನ ವಾರ ಅದು ಮಡಚಿ ಮಲಗಿತ್ತು. ಕಿಟಕಿಯ ಕಟ್ಟೆಯ ಮೇಲೆ ಎರಡು ಮೂರು ಕೆಂಪು ದಾರದ ತುಣುಕುಗಳು. ಕೋಣೆಯಲ್ಲಿ ಎಲೆ ಅಡಿಕೆಯ ವಾಸನೆ. ಬೀಗ ಮಾತ್ರ ಹಾಕಿದ ಹಾಗೇ ಇತ್ತು. ಅಂದರೆ ಇನ್ನೊಂದು ಕೀಲಿ ಇದೆ. ಯಾರ ಬಳಿ?

ಕೆಂಪು ದಾರ ನೋಡಿ ಮೊದಲು ಯಾವುದೋ ಜೋಡಿ ಇಲ್ಲಿ ಗುಟ್ಟಾಗಿ ಸೇರುತ್ತಿರಬೇಕು ಅಂದುಕೊಂಡೆ. ಆಮೇಲೆ ಕುಡಿಯುವವರಿರಬಹುದು ಅಂದುಕೊಂಡು ಮೂಲೆಮೂಲೆಯಲ್ಲಿ ಬಾಟಲಿ ಹುಡುಕಿದೆ, ಸಿಗಲಿಲ್ಲ. ಗಣಿತದ ಟೀಚರೇ ನನ್ನನ್ನು ಪರೀಕ್ಷಿಸಲು ಬಂದು ಹೋಗುತ್ತಿದ್ದಾರೆ ಎಂದೂ ಅನಿಸಿತು. ಆ ವಾರವಿಡೀ ಅವರು ಸ್ಟಾಫ್ ರೂಮಿನಲ್ಲಿ ನಕ್ಕರೆ ಸಾಕು, ನನಗೆ ಮೈ ಬಿಸಿಯಾಗುತ್ತಿತ್ತು. ಅವರು ಎಲೆ ಅಡಿಕೆ ಹಾಕುವುದಿಲ್ಲ ಎಂಬುದು ಗೊತ್ತಿದ್ದರೂ ಹಾಗೆ.

ಅದೇ ಹೊತ್ತಿಗೆ ಮನೆಯಲ್ಲೂ ಒಂದು ಘಟನೆ ನಡೆಯಿತು. ನನ್ನ ಗಂಡ ನಗರದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತರು. ಅರ್ಜಿ ತಂದವರನ್ನು ವಿಚಾರಿಸುವ ಟೇಬಲು ಅವರದು. ಮನೆಯಲ್ಲಿ ನಾವೆಲ್ಲ ಮಾತಾಡುವುದು ಉರ್ದು. ಆದರೆ ಅವರಿಗೆ ಏನಾದರೂ ಅನುಮಾನ ಬಂತೆಂದರೆ ತಮಗೇ ಗೊತ್ತಿಲ್ಲದೆ ಕಚೇರಿಯ ಕನ್ನಡಕ್ಕೆ ಬಂದುಬಿಡುತ್ತಾರೆ. ಒಂದು ಶನಿವಾರ ಸಂಜೆ ನಾನು ಚಹಾ ಸೋಸುತ್ತಿದ್ದೆ. ಅವರು ನನ್ನ ಪರ್ಸಿನಿಂದ ಬಿದ್ದ ಬಸ್ಸಿನ ಟಿಕೆಟ್ಟನ್ನು ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೂ ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದು ಕೊಡುತ್ತಾರಲ್ಲ, ಅದರ ಮೇಲೆ ಹತ್ತಿದ ನಿಲ್ದಾಣ, ಹತ್ತಿದ ಸಮಯ ಎಲ್ಲ ಅಚ್ಚಾಗಿರುತ್ತದೆ.

“ಮೀಟಿಂಗ್ ಸಾಲ್ಯಾಗ ಇತ್ತೇನು?” ಎಂದು ಕನ್ನಡದಲ್ಲಿ ಕೇಳಿದರು.

“ಹೌದ್ರಿ.”

“ಸಾಲಿ ತಿಕೋಟಾದಾಗ ಐತಿ. ನೀ ಬಸ್ ಹತ್ತಿದ್ದು ಕ್ರಾಸಿನಾಗ.”

“ಒಂದೀಟು ನಡ್ಕೊಂತ ಬಂದೆ,” ಅಂದೆ.

“ಈ ಬಿಸಲಾಗ?”

ಟಿಕೆಟ್ಟನ್ನು ಎಸೆಯಲಿಲ್ಲ. ಅಂಗಿಯ ಕಿಸೆಗೆ ಹಾಕಿಕೊಂಡರು. ಆ ಕಿಸೆಯನ್ನು ನೋಡುತ್ತ ನನಗೆ ಇನ್ನೊಂದು ಅನುಮಾನ ಹುಟ್ಟಿತು: ಶೆಡ್ಡಿಗೆ ಬಂದು ಹೋಗುತ್ತಿರುವವರು ಇವರೇ ಇರಬಹುದೇ? ಇಲ್ಲ, ಯಾರನ್ನಾದರೂ ಕಳಿಸುತ್ತಿದ್ದಾರೆಯೇ? ಚಹಾ ಕೊಡುವಾಗ ಅವರ ಹಲ್ಲು ನೋಡಿದೆ. ಎಲೆ ಅಡಿಕೆಯ ಕೆಂಪು ಇರಲಿಲ್ಲ.

ಮುಂದಿನ ಶನಿವಾರ ಶಾಲೆಯಿಂದ ಸೀಮೆಸುಣ್ಣದ ಪುಡಿಯನ್ನು ಒಂದು ಪೊಟ್ಟಣದಲ್ಲಿ ಕಟ್ಟಿಕೊಂಡು ಹೋದೆ. ಬರುವಾಗ ಹೊಸ್ತಿಲಿನ ಒಳಗೆ ತೆಳ್ಳಗೆ ಉದುರಿಸಿ ಬೀಗ ಹಾಕಿ ಬಂದೆ. ವಾರ ಕಳೆದು ನೋಡಿದರೆ ಅದರ ಮೇಲೆ ಪಾದದ ಗುರುತು. ಬರಿಗಾಲು, ಚಿಕ್ಕದು. ಹೆಬ್ಬೆರಳಿನ ಪಕ್ಕದ ಬೆರಳು ನೆಲ ಮುಟ್ಟಿಯೇ ಇರಲಿಲ್ಲ. ನನ್ನ ಗಂಡನ ಕಾಲಲ್ಲ, ಗಣಿತದ ಟೀಚರ ಕಾಲೂ ಅಲ್ಲ. ಧೈರ್ಯ ತಂದುಕೊಂಡು ಕ್ರೇಟುಗಳನ್ನು ಒಂದೊಂದಾಗಿ ಇಳಿಸಿದೆ. ಗೋಡೆಗೆ ಒತ್ತಿಕೊಂಡು ಒಂದು ನೀಲಿ ಬಿಸ್ಕತ್ತಿನ ಡಬ್ಬಿ ಇತ್ತು. ಮುಚ್ಚಳ ಸವೆದು ಬಣ್ಣ ಹೋಗಿತ್ತು. ತೆರೆಯಲಿಲ್ಲ. ಅದನ್ನು ಎದುರಿಗಿಟ್ಟುಕೊಂಡು, ನನಗೆ ಬರುವ ಒಂದೇ ಕೆಲಸವನ್ನು ಮಾಡಿದೆ. ಅದರ ಚಿತ್ರ ಬರೆದೆ. ಬರೆಯುವಷ್ಟು ಹೊತ್ತು ಹೆದರಿಕೆ ಇರಲಿಲ್ಲ. ಮುಚ್ಚಳದ ನೆಗ್ಗು, ಅಂಚಿನ ತುಕ್ಕು, ಕೈ ಆಡಿ ಆಡಿ ಹೊಳೆಯುವ ಒಂದು ಮಗ್ಗುಲು. ಬರೆದು ಮುಗಿಸಿದ ಮೇಲೆ ಹೆದರಿಕೆ ಇಮ್ಮಡಿಯಾಗಿ ಬಂತು. ಆಗ ತೆರೆದೆ.

ಸೂಜಿಗಳು, ದಾರದ ಉಂಡೆಗಳು, ಚೌಕಾಕಾರಕ್ಕೆ ಕತ್ತರಿಸಿದ ಬಟ್ಟೆಯ ತುಂಡುಗಳು. ತುಂಡುಗಳ ನಡುವೆ ಮೂರು ಹಳದಿ ಚೌಕಗಳು, ಅವುಗಳ ಮೇಲೆ ನನ್ನ ಪೆನ್ಸಿಲಿನ ಕಪ್ಪು ಬೆರಳುಗುರುತು. ನನ್ನ ದುಪಟ್ಟಾ! ಎಲ್ಲಿದೆ ಎಂದು ಹುಡುಕಿದೆ. ಒಂದು ಅಂಚಿನಿಂದ ಯಾರೋ ನೀಟಾಗಿ ಕತ್ತರಿಸಿ ಉಳಿದದ್ದನ್ನು ಮಡಚಿಟ್ಟಿದ್ದರು. ನಾನು ವಿಜ್ಞಾನದ ಟೀಚರು. ಮಾಟ ಮಂತ್ರ ಎಲ್ಲ ಸುಳ್ಳು ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಆದರೂ ನನ್ನ ಮೈಗೆ ತಾಗಿದ ಬಟ್ಟೆಯನ್ನು ಸೂಜಿಗಳ ಜೊತೆ ಒಂದು ಡಬ್ಬಿಯಲ್ಲಿ ನೋಡಿದಾಗ ಮಕ್ಕಳಿಗೆ ಹೇಳಿದ ಮಾತು ಒಂದೂ ನೆನಪಿಗೆ ಬರಲಿಲ್ಲ. ಡಬ್ಬಿ ಮುಚ್ಚಿ ಅಲ್ಲೇ ಇಟ್ಟು, ಅವಸರದಲ್ಲಿ ಡ್ರಾಯಿಂಗ್ ಪುಸ್ತಕವನ್ನು ಚಾಪೆಯ ಮೇಲೆ ತೆರೆದ ಹಾಗೆಯೇ ಬಿಟ್ಟು ಓಡಿ ಬಂದೆ.

ಆ ವಾರ ಅತ್ತೆಗೆ ಹೇಳಿ ದೃಷ್ಟಿ ತೆಗೆಸಿಕೊಂಡೆ. ತಲೆನೋವು ಅಂತ ನೆಪ ಹೇಳಿದೆ.

ಮತ್ತೆ ಹೋಗಬಾರದು ಅಂದುಕೊಂಡಿದ್ದೆ. ಆದರೆ ಶನಿವಾರ ಬಂದಾಗ ಕಾಲು ತಾನಾಗಿಯೇ ಕ್ರಾಸಿನಲ್ಲಿ ಇಳಿಯಿತು. ಬಾಗಿಲು ತೆರೆದೇ ಇತ್ತು. ಒಳಗೆ ಚಾಪೆಯ ಮೇಲೆ ಅರವತ್ತು ದಾಟಿದ ಒಬ್ಬ ಹೆಂಗಸು ಕೂತಿದ್ದಳು. ಇಳಕಲ್ ಸೀರೆ, ಕೈತುಂಬ ಹಸಿರು ಬಳೆ, ತೊಡೆಯ ಮೇಲೆ ಕುಡಗೋಲು. ಪಕ್ಕದಲ್ಲಿ ನನ್ನ ಡ್ರಾಯಿಂಗ್ ಪುಸ್ತಕ, ಅದರ ಮೇಲೆ ಒಂದು ನಿಂಬೆಹಣ್ಣು.

“ಬಾ ಬೇ. ನಿನ್ನ ದಾರೀನ ಕಾಯಾಕತ್ತಿದ್ದೆ,” ಅಂದಳು. ದನಿಯಲ್ಲಿ ಗಡಸು ಇತ್ತು, ಆದರೆ ಕುಡಗೋಲನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. “ನನ್ನ ಡಬ್ಬಿ ಚಿತ್ರ ಯಾಕ ತಗದಿ? ಏನ ಮಾಡಾಕ ಹೊಂಟಿ ನನಗ?”

“ನೀ ನನ್ನ ದುಪಟ್ಟಾ ಯಾಕ ಕತ್ತರಿಸಿದಿ? ಸೂಜಿ ಜೋಡಿ ಯಾಕ ಇಟ್ಟಿ?” ಎಂದು ನಾನೂ ಹೊಸ್ತಿಲಿನ ಹೊರಗೆ ನಿಂತೇ ಕೇಳಿದೆ.

ಅವಳು ನನ್ನನ್ನೇ ದಿಟ್ಟಿಸಿದಳು. “ಅದು ನಿಂದೇನು? ಕೈ ಒರಸೋ ಅರಿವಿ ಅಂತ ತಿಳದೆ. ಮಸಿ ಹತ್ತಿತ್ತಲ್ಲ.”

“ಇದು ಬರೇ ಚಿತ್ರ. ಡಬ್ಬಿ ಚಂದ ಕಾಣ್ತು, ತಗದೆ.”

“ಡಬ್ಬಿ ಚಂದ ಕಾಣ್ತು?” ಅವಳು ಪುಸ್ತಕವನ್ನು ದೂರ ಹಿಡಿದು ಮತ್ತೊಮ್ಮೆ ನೋಡಿದಳು. “ಇಂಥಾ ಡಬ್ಬಿ ಹತ್ತು ಸಿಗ್ತಾವು ಬಜಾರದಾಗ. ಸುಳ್ಳ ಹೇಳಬ್ಯಾಡ. ಪೊಲೀಸರು ಹಿಂಗ ಚಿತ್ರ ತಗೀತಾರಂತ.”

ನಾನು ಅವಳ ಪಾದ ನೋಡಿದೆ. ಹೆಬ್ಬೆರಳಿನ ಪಕ್ಕದ ಬೆರಳು ಮೇಲೆದ್ದು ನಿಂತಿತ್ತು. ನನ್ನ ನೋಟ ಎಲ್ಲಿದೆ ಎಂದು ಕಂಡು ಅವಳು ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. “ಬಾಗಲದಾಗ ಬಿಳೇ ಪುಡಿ ಹಾಕಿದಾಕಿನೂ ನೀನೇನು? ಮೂರು ದಿವಸ ಊಟ ಸೇರಲಿಲ್ಲ ನನಗ!”

ಹೀಗೆ ಅವಳು ಕೂತು, ನಾನು ನಿಂತು ಬಹಳ ಹೊತ್ತು ಒಬ್ಬರನ್ನೊಬ್ಬರು ವಿಚಾರಿಸಿಕೊಂಡೆವು. ಕೊನೆಗೆ ಅವಳು ಕುಡಗೋಲನ್ನು ಕ್ರೇಟಿನ ಮೇಲಿಟ್ಟಳು. ನಾನು ಒಳಗೆ ಬಂದೆ. ಸುಗ್ಗಿಯಲ್ಲಿ ಅವಳು ಇದೇ ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುವ ಕೆಲಸ ಮಾಡುತ್ತಾಳೆ. ವಾರಕ್ಕೊಮ್ಮೆ ಕೋಣೆಯ ಕಸ ಗುಡಿಸಲಿ ಎಂದು ತೋಟದವರು ಅವಳಿಗೆ ಒಂದು ಕೀಲಿ ಕೊಟ್ಟಿದ್ದರು. ಕಸ ಗುಡಿಸುವುದು ಹತ್ತು ನಿಮಿಷದ ಕೆಲಸ. ಉಳಿದ ಹೊತ್ತು ಅವಳು ಅಲ್ಲಿ ಕೂತು ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊದೆಯುವ ಕೌದಿ ಹೊಲಿಯುತ್ತಿದ್ದಳು. ಅದೂ ಯಾರಿಗೂ ತಿಳಿಯದ ಹಾಗೆ.

“ಕೌದಿ ಮನ್ಯಾಗ ಹೊಲದ್ರ ಏನ್ ಆಕ್ಕೈತಿ?” ಎಂದು ಕೇಳಿದೆ.

“ಮನ್ಯಾಗ ಕೌದಿ ಹಾಸಿದ್ರ ಸಾಕು, ಮೂರು ಮಂದಿ ಸೊಸ್ಯಾರು, ಬಾಜೂ ಮನಿಯಾಕಿ, ಅಕಿ ತಂಗಿ, ಎಲ್ಲಾರೂ ಸೂಜಿ ತಗೊಂಡು ಬಂದು ಕುಂದರ್ತಾರ. ಒಂದು ಮೂಲಿ ಒಬ್ಬಾಕಿ, ಇನ್ನೊಂದು ಮೂಲಿ ಇನ್ನೊಬ್ಬಾಕಿ. ಹುಟ್ಟಿದಾಗಿಂದ ಹಂಗ ಹೊಲದೇನಿ. ಬ್ಯಾಡ ಅನ್ನಾಕ ಬರಂಗಿಲ್ಲ.” ಚಾಪೆಯ ಮೇಲಿನ ಒಂದು ದಾರದ ತುಣುಕನ್ನು ಎತ್ತಿಕೊಳ್ಳುತ್ತ ಹೇಳಿದಳು: “ಒಂದರ ಕೌದಿ ಪೂರಾ ನನ್ನ ಕೈಲೆ ಆಗಲಿ ಅಂತ. ಹೊಲಿಗಿ ಟಾಕಿ ಸೊಟ್ಟ ಆದ್ರ ಅದೂ ನಂದ ಇರಲಿ ಅಂತ.”

ಕೌದಿ ತೋರಿಸು ಅಂದೆ. “ಮುಗೀತನಕ ತೋರ್ಸಂಗಿಲ್ಲ,” ಅಂದಳು. ಎಲ್ಲಿ ಬಚ್ಚಿಟ್ಟಿದ್ದಾಳೆ ಎಂದೂ ಹೇಳಲಿಲ್ಲ. ನಾನು ಒತ್ತಾಯ ಮಾಡಲಿಲ್ಲ. ಆದರೆ ತೋಟದವರಿಗೆ ಇದನ್ನು ಹೇಳುವೆನೋ ಎಂಬ ಭಯ ಅವಳ ಕಣ್ಣಲ್ಲಿತ್ತು. ಅವಳು ಹೇಳುವಳೋ ಎಂಬ ಭಯ ನನಗೂ ಇತ್ತು. ಹಾಗಾಗಿ ಒಪ್ಪಂದ ಬೇಗ ಆಯಿತು. ಶನಿವಾರ ನನ್ನದು, ಉಳಿದ ದಿನ ಅವಳದು. ದುಪಟ್ಟಾ ಪೂರಾ ಅವಳಿಗೆ ಕೊಟ್ಟೆ. ನಿಂಬೆಹಣ್ಣನ್ನು ಹೋಗುವಾಗ ಅವಳೇ ತೆಗೆದುಕೊಂಡು ಹೋದಳು. ಅದನ್ನು ಮುಟ್ಟಲು ನನಗೆ ಬಿಡಲಿಲ್ಲ.

ನಾವು ಗೆಳತಿಯರಾದೆವು ಎಂದು ಹೇಳಿದರೆ ಸುಳ್ಳಾಗುತ್ತದೆ. ಒಂದು ಶನಿವಾರ ಅವಳ ಮನೆಯಲ್ಲಿ ನೆಂಟರು ತುಂಬಿದ್ದರಂತೆ, ಕೇಳಿಕೊಂಡು ಬಂದಳು. ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಮಾಡಿ ಕೂತೆವು. ಅವಳು ಸೂಜಿ ಚುಚ್ಚಿದ ಸಪ್ಪಳ ನನಗೆ ಕೇಳುತ್ತಿತ್ತು. ನನ್ನ ಪೆನ್ಸಿಲ್ ನಿಂತರೆ ಅವಳು ತಿರುಗಿ ನೋಡುತ್ತಿದ್ದಳು. ತನ್ನ ಚಿತ್ರವನ್ನೇ ಬರೆಯುತ್ತಿದ್ದೇನೆ ಎಂದು ಅವಳಿಗೆ, ನನ್ನ ಕೆಲಸ ನೋಡಿ ಮನಸ್ಸಿನಲ್ಲೇ ನಗುತ್ತಿದ್ದಾಳೆ ಎಂದು ನನಗೆ ಅನುಮಾನ. ಎರಡು ತಾಸಿನಲ್ಲಿ ಇಬ್ಬರದೂ ಕೆಲಸ ಕೆಟ್ಟಿತು. ಎದ್ದು ಹೋಗುವಾಗ ಅವಳು, “ಆಗಂಗಿಲ್ಲ ಬಿಡವಾ ಇದು,” ಅಂದಳು. ಸಿಟ್ಟಿರಲಿಲ್ಲ. ನನಗೂ ಹಗುರವೆನಿಸಿತು.

ದೀಪಾವಳಿ ರಜೆ ಮುಗಿದ ಮೇಲಿನ ಮೊದಲ ಶನಿವಾರ ನನ್ನ ಗಂಡ ಸ್ಕೂಟರಿನಲ್ಲಿ ಶಾಲೆಗೇ ಬಂದರು. ನಾನು ಗೇಟಿನಿಂದ ಹೊರಬರುವುದಕ್ಕೂ ಅವರು ಹೆಲ್ಮೆಟ್ ತೆಗೆಯುವುದಕ್ಕೂ ಸರಿಹೋಯಿತು.

“ಇವತ್ತ ಎಲ್ಲಿ ಐತಿ ಮೀಟಿಂಗ್? ನಡಿ, ಬಿಟ್ಟು ಬರ್ತೇನಿ,” ಅಂದರು.

ಸುಳ್ಳು ಹೇಳಿ ಹೇಳಿ ನನಗೂ ಸಾಕಾಗಿತ್ತು. ಹಿಂದೆ ಕೂತು ದಾರಿ ತೋರಿಸಿದೆ. ಬಳ್ಳಿಚಪ್ಪರಗಳ ನಡುವೆ ಸ್ಕೂಟರು ನಿಧಾನವಾಗಿ ಹೋಗುವಾಗ ಅವರ ಬೆನ್ನು ಬಿಗಿಯಾಗುತ್ತ ಬಂದದ್ದು ನನಗೆ ಗೊತ್ತಾಯಿತು. ಶೆಡ್ಡಿನ ಎದುರು ನಿಲ್ಲಿಸಿ ನಾಲ್ಕು ಕಡೆ ನೋಡಿದರು. ನಾನು ಬೀಗ ತೆಗೆದೆ. ಒಳಗೆ ಬಂದು ಮೊದಲು ಕ್ರೇಟುಗಳ ಹಿಂದೆ ನೋಡಿದರು, ಆಮೇಲೆ ಬಾಗಿಲಿನ ಹಿಂದೆ ನೋಡಿದರು. ಕಿಟಕಿಯ ಕಟ್ಟೆಯ ಮೇಲಿನ ಎಲೆ ಅಡಿಕೆಯ ಕಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

“ಇಲ್ಲಿ ಮತ್ತ್ಯಾರ ಬರ್ತಾರ?”

“ಒಬ್ಬಾಕಿ ಹೆಣ್ಮಗಳು. ವಾರದ ಉಳದ ದಿವಸ.”

“ಯಾಕ ಬರ್ತಾಳ?”

“ಕೌದಿ ಹೊಲ್ಯಾಕ.”

“ಮತ್ತ ನೀ?”

ಡ್ರಾಯಿಂಗ್ ಪುಸ್ತಕ ಕೊಟ್ಟೆ. ನಿಂತಲ್ಲೇ ಒಂದೊಂದೇ ಪುಟ ತಿರುವಿದರು. ಕ್ರೇಟು, ಕಲ್ಲು, ಜಾಳಿಗೆ, ಡಬ್ಬಿ. ಕಡತ ನೋಡುವವರ ಹಾಗೆ ಕೊನೆಯ ಪುಟದವರೆಗೆ ಹೋಗಿ, ಖಾಲಿ ಹಾಳೆಗಳನ್ನೂ ಬೆಳಕಿಗೆ ಹಿಡಿದು ನೋಡಿದರು. ಅವರಿಗೆ ಏನೋ ಸಿಗಬೇಕಾಗಿತ್ತು. ಒಂದು ಕಾಗದ, ಒಂದು ಹೆಸರು, ಒಂದು ಫೋನ್ ನಂಬರು. ಸಿಕ್ಕಿದ್ದರೆ ಜಗಳವಾಡಬಹುದಿತ್ತು, ಅಳಬಹುದಿತ್ತು, ಕ್ಷಮಿಸಬಹುದಿತ್ತು.

“ಇಷ್ಟನ ಏನು?” ಅಂದರು. “ಇಷ್ಟಕ್ಕ ನಾಲ್ಕು ತಿಂಗಳ ಸುಳ್ಳ ಹೇಳಿದ್ಯಾ?”

“ಕೇಳಿದ್ರ ಕಳಸ್ತಿದ್ದಿರೇನು?”

“ಯಾಕ ಕಳಸ್ತಿದ್ದಿಲ್ಲ? ನಾನ ಕರ್ಕೊಂಡು ಬರ್ತಿದ್ದೆ. ಹುಡಿಗ್ಯಾರ್ನೂ ಕರ್ಕೊಂಡು ಬರ್ತಿದ್ದೆ. ಬುತ್ತಿ ಕಟಗೊಂಡು ಬಂದು ಇಲ್ಲೇ ಉಣಬಹುದಿತ್ತು.”

ಅವರು ಚಾಪೆಯ ಮೇಲೆ ಕೂತರು. ನೀ ಬರಿ, ನಾ ಸುಮ್ಮನೆ ಕೂತಿರುತ್ತೇನೆ ಅಂದರು. ನಿಜಕ್ಕೂ ಪ್ರಯತ್ನಪಟ್ಟರು, ಅದನ್ನು ಹೇಳಬೇಕು. ಎರಡು ನಿಮಿಷ ಸುಮ್ಮನಿದ್ದರು. ಆಮೇಲೆ ತಗಡಿನ ಸಪ್ಪಳ ಏನು ಎಂದು ಕೇಳಿದರು. ದ್ರಾಕ್ಷಿ ಯಾವ ತಳಿ ಎಂದು ಕೇಳಿದರು. ಫೋನ್ ನೋಡಿದರು, ನೆಟ್‌ವರ್ಕ್ ಇಲ್ಲ ಅಂದರು. ನಾನು ತೂಕದ ಕಲ್ಲಿನ ಮೇಲೆ ಕಣ್ಣಿಟ್ಟು ಕೂತಿದ್ದೆ. ಪೆನ್ಸಿಲಿನ ತುದಿ ಹಾಳೆಯ ಮೇಲಿತ್ತು, ಮುಂದೆ ಹೋಗಲಿಲ್ಲ. ಅವರು ಅದನ್ನು ಗಮನಿಸಿದರು.

“ನಾ ಇದ್ರ ಏನ್ ತ್ರಾಸ ನಿನಗ?”

“ತ್ರಾಸ ಏನಿಲ್ರಿ.”

“ಮತ್ತ?”

“ನೀವು ಇದ್ರ ನಾ ಒಬ್ಬಾಕಿ ಇರಂಗಿಲ್ಲ,” ಅಂದೆ. ಬೇರೆ ಯಾವ ಮಾತೂ ತೋಚಲಿಲ್ಲ. ತೋಚಿದ್ದರೂ ಅದು ಇದಕ್ಕಿಂತ ಮೆತ್ತಗಿರುತ್ತಿರಲಿಲ್ಲ.

ಅವರು ಎದ್ದು ಹೋಗಿ ಸ್ಕೂಟರ್ ಚಾಲೂ ಮಾಡಿದರು. ನಾನು ಬೀಗ ಹಾಕಿ ಹಿಂದೆ ಕೂತೆ. ವಿಜಯಪುರ ಹತ್ತಿರವಾಗುವಾಗ ಒಮ್ಮೆ ಕನ್ನಡಿಯಲ್ಲಿ ನನ್ನ ಮುಖ ನೋಡಿದರು. ಇಷ್ಟು ವರ್ಷ ಹಿಂದಿನ ಸೀಟಿನಲ್ಲಿ ಕೂತು ಬಂದವಳು ಯಾರು ಎಂದು ನೋಡುವ ಹಾಗಿತ್ತು. ಬೇರೆ ಗಂಡಸಿನ ಸುದ್ದಿ ಕೇಳಿದ್ದರೆ ಅವರಿಗೆ ಆಗುತ್ತಿದ್ದ ನೋವು ನನಗೆ ಊಹೆಗೆ ಸಿಗುತ್ತದೆ. ಯಾರೂ ಇಲ್ಲ, ಆದರೂ ನೀವು ಬೇಡ ಎಂದು ಕೇಳಿದಾಗ ಆಗುವ ನೋವು ಏನೆಂದು ನನಗೆ ಇನ್ನೂ ಸರಿಯಾಗಿ ಗೊತ್ತಿಲ್ಲ. ಅದನ್ನು ಕೊಟ್ಟವಳು ನಾನು.

ಹೋಗಬೇಡ ಎಂದು ಅವರು ಯಾವತ್ತೂ ಹೇಳಲಿಲ್ಲ. ಅತ್ತೆಗೂ ತಿಳಿಸಲಿಲ್ಲ. ಜನವರಿ ಮುಗಿಯುವವರೆಗೂ ನಾನು ಹೋದೆ, ಈ ಸಲ ಸುಳ್ಳು ಹೇಳದೆ. “ಶೆಡ್ಡಿಗೆ ಹೋಗಿ ಬರ್ತೇನಿ,” ಅಂದರೆ “ಹ್ಞೂಂ” ಅನ್ನುವರು. ಆದರೆ ಸುಖದಲ್ಲಿ ಒಂದು ತೂತು ಬಿದ್ದಿತ್ತು. ಕಲ್ಲು ಬರೆಯುತ್ತಿರುವಾಗ ದೂರದಲ್ಲಿ ಸ್ಕೂಟರಿನ ಸಪ್ಪಳ ಕೇಳಿದರೆ ಅವರೇ ಅಂದುಕೊಳ್ಳುತ್ತಿದ್ದೆ. ಯಾವತ್ತೂ ಅವರಾಗಿರಲಿಲ್ಲ.

ಫೆಬ್ರವರಿಯಲ್ಲಿ ದ್ರಾಕ್ಷಿ ಬಂತು. ಶೆಡ್ಡು ತುಂಬಿತು, ಕೋಣೆ ತುಂಬಿತು, ಮಾತು ತುಂಬಿತು. ಪೆನ್ಸಿಲು ಪುಸ್ತಕ ತರಲು ಹೋದಾಗ ಕೌದಿಯವಳು ಹತ್ತಿಪ್ಪತ್ತು ಹೆಂಗಸರ ಸಾಲಿನಲ್ಲಿ ಕೂತು ಒಣದ್ರಾಕ್ಷಿ ಆರಿಸುತ್ತಿದ್ದಳು. ನನ್ನನ್ನು ನೋಡಿಯೂ ಗುರುತು ತೋರಿಸಲಿಲ್ಲ. ನಾನೂ ತೋರಿಸಲಿಲ್ಲ. ಕೌದಿ ಮುಗಿಯಿತೋ ಇಲ್ಲವೋ ಎಂದು ಕೇಳಲು ಅದು ಜಾಗವಾಗಿರಲಿಲ್ಲ. ಸುಗ್ಗಿ ಮುಗಿದ ಮೇಲೆ ತೋಟದವರು ಆ ಕೋಣೆಗೆ ಔಷಧಿಯ ಡ್ರಮ್ಮುಗಳನ್ನು ತುಂಬಿ ಬೇರೆ ಬೀಗ ಹಾಕಿದರು. ಗಣಿತದ ಟೀಚರು, “ನಮ್ಮ ಅಣ್ಣಂದು ಏನೋ ಹೊಸಾ ಲೆಕ್ಕಾಚಾರ್ರಿ,” ಅಂದರು. ನನ್ನ ವಿಷಯ ಗೊತ್ತಾಗಿ ಬೀಗ ಬದಲಾಯಿತೋ, ಅವಳ ವಿಷಯ ಗೊತ್ತಾಗಿಯೋ, ಅಥವಾ ನಿಜಕ್ಕೂ ಡ್ರಮ್ಮುಗಳಿಗಾಗಿಯೋ, ನಾನು ಕೇಳಲಿಲ್ಲ. ಅವರ ಮುಖವನ್ನು ಮಾತ್ರ ಚೆನ್ನಾಗಿ ನೋಡಿದೆ.

ಈಗಿನ ಸಂಗತಿ ಬೇರೆ. ಬೇಸಿಗೆ ಕಳೆದ ಮೇಲೆ ನನ್ನ ಗಂಡ ಭಾನುವಾರ ಬೆಳಿಗ್ಗೆ ಚಹಾ ಕುಡಿದು ಸ್ಕೂಟರ್ ತೆಗೆದುಕೊಂಡು ಹೊರಡಲು ಶುರುಮಾಡಿದ್ದಾರೆ. ಹನ್ನೆರಡರ ಹೊತ್ತಿಗೆ ಬರುತ್ತಾರೆ. ಮೊದಲ ವಾರ ನಾನು ಕೇಳಲಿಲ್ಲ. ಎರಡನೆಯ ವಾರ ಕೇಳಿದೆ.

“ಎಲ್ಲಿಗೆ ಹೋಗಿದ್ರಿ?”

“ಸಾರವಾಡದ ಕಡೆ.”

“ಅಲ್ಲಿ ಯಾರದಾರ?”

“ಯಾರೂ ಇಲ್ಲ. ಸುಮ್ನ ಹೋಗಿದ್ದೆ.”

ಬಬಲೇಶ್ವರದ ರಸ್ತೆಯಲ್ಲಿ ಸಾರವಾಡ ಬರುತ್ತದೆ. ನನ್ನ ತವರಿಗೆ ಹೋಗುವ ದಾರಿ ಅದು. ಅಲ್ಲಿ ಸುಮ್ಮನೆ ಹೋಗಿ ಕೂರುವಂಥದ್ದು ಏನೂ ಇಲ್ಲ ಎಂದು ನನಗೆ ಗೊತ್ತು. ಚಪ್ಪಲಿಗೆ ಕರಿಮಣ್ಣು ಹತ್ತಿರುತ್ತದೆ. ಅವರು ಪುಸ್ತಕ ಓದುವವರಲ್ಲ, ಚಿತ್ರ ಬರೆಯುವವರಲ್ಲ, ಹಾಡುವವರೂ ಅಲ್ಲ. ಒಬ್ಬ ಮನುಷ್ಯ ಒಂದು ಕೈಕೆಲಸವೂ ಇಲ್ಲದೆ ಮೂರು ತಾಸು ಒಬ್ಬನೇ ಏನು ಮಾಡುತ್ತಾನೆ? ಈ ಪ್ರಶ್ನೆಯನ್ನು ಕೇಳಿಕೊಳ್ಳಲು ನನ್ನಷ್ಟು ಅಯೋಗ್ಯಳು ಇನ್ನೊಬ್ಬಳಿಲ್ಲ ಎಂದು ತಿಳಿದೂ ಕೇಳಿಕೊಂಡೆ. ಬಬಲೇಶ್ವರದಲ್ಲಿರುವ ನನ್ನ ತಮ್ಮನಿಗೆ ಫೋನ್ ಮಾಡಿ, ಬೇರೆ ಏನೋ ಮಾತಾಡುತ್ತ, “ಅವರೇನಾದರೂ ಬಂದಿದ್ದರಾ?” ಅಂತ ಕೇಳಿದೆ. ಇಲ್ಲ ಅಂದ. ಒಂದು ದಿನ ಒಗೆಯಲು ಹಾಕಿದ ಅಂಗಿಯನ್ನು ಮೂಸಿ ನೋಡುತ್ತಿದ್ದೆ. ಅವರು ಬಾಗಿಲಲ್ಲಿ ನಿಂತಿದ್ದರು.

“ಸಿಕ್ತೇನು?” ಅಂದರು.

“ಬೆವರಿನ ವಾಸನಿ,” ಅಂದೆ.

ತಲೆ ಅಲ್ಲಾಡಿಸಿ ಸ್ನಾನಕ್ಕೆ ಹೋದರು.

ಹೋದ ಭಾನುವಾರ ಅತ್ತೆ ತಮ್ಮ ಮಗಳ ಮನೆಗೆ ಹೋಗಿದ್ದರು. ಹುಡುಗಿಯರಿಬ್ಬರೂ ಗೆಳತಿಯ ಮನೆಗೆ ಓದಿಕೊಳ್ಳಲು ಹೋದರು. ಇವರು ಎಂದಿನಂತೆ ಸ್ಕೂಟರ್ ಹತ್ತಿದರು. ಬಾಗಿಲು ಹಾಕಿಕೊಂಡು ತಿರುಗಿದರೆ ಮನೆಯಲ್ಲಿ ನಾನೊಬ್ಬಳೇ. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಅಂಥ ಬೆಳಗು ನನಗೆ ಸಿಕ್ಕಿದ್ದು ನೆನಪಿಲ್ಲ. ಟೀವಿ ಬಂದ್, ಕುಕ್ಕರ್ ಬಂದ್. ಹಜಾರದ ಕಿಟಕಿಯಿಂದ ಬಿಸಿಲು ನೆಲದ ಮೇಲೆ ಬಿದ್ದಿತ್ತು. ಡ್ರಾಯಿಂಗ್ ಪುಸ್ತಕ ತೆಗೆದು ಮೇಜಿನ ಮೇಲಿಟ್ಟೆ. ಪೆನ್ಸಿಲ್ ಚೂಪು ಮಾಡಿದೆ. ಅತ್ತೆಯ ಅಡಿಕೆ ಕತ್ತರಿಯನ್ನು ಬರೆಯೋಣವೆಂದು ಎದುರಿಗೆ ಇಟ್ಟುಕೊಂಡೆ.

ಇವರು ಈಗ ಸೊಲ್ಲಾಪುರದ ಕಡೆಗೆ ಹೋಗಿರಬಹುದೇ, ಸಾರವಾಡ ಎಂಬುದೇ ಸುಳ್ಳಿರಬಹುದೇ ಅನಿಸಿತು. ಎದ್ದು ಬಾಲ್ಕನಿಗೆ ಹೋಗಿ ನೋಡಿದೆ. ಬೀದಿಯಲ್ಲಿ ಆಟೋ ನಿಂತಿತ್ತು, ಎದುರಿನ ಮನೆಯವರು ಬಟ್ಟೆ ಒಣಹಾಕುತ್ತಿದ್ದರು. ಒಳಗೆ ಬಂದು ಕೂತೆ. ಒಂದು ವೇಳೆ ನಿಜವಾಗಿಯೂ ಹೊಲದ ಬದುವಿನ ಮೇಲೆ ಸುಮ್ಮನೆ ಕೂತಿದ್ದರೆ, ಆಗ ಅವರಿಗೆ ಏನು ನೆನಪಾಗುತ್ತದೆ? ನಾನು ನೆನಪಾಗುತ್ತೇನೆಯೇ, ನಾನಿಲ್ಲ ಎಂದು ಹಾಯೆನಿಸುತ್ತದೆಯೇ? ಮತ್ತೆ ಎದ್ದೆ. ಅವರ ಕಪಾಟು ತೆಗೆದು ಮುಚ್ಚಿದೆ. ಚಹಾ ಮಾಡಿಕೊಂಡು ಕುಡಿಯುವುದನ್ನು ಮರೆತೆ. ಮೂರು ತಾಸು ಹೀಗೇ ಹೋಯಿತು.

ಕೆಳಗೆ ಸ್ಕೂಟರ್ ನಿಂತ ಸಪ್ಪಳವಾದಾಗ ನಾನು ಓಡಿ ಹೋಗಿ ಮೇಜಿ‌ನ ಮುಂದೆ ಕೂತು ಪೆನ್ಸಿಲ್ ಹಿಡಿದೆ. ಅವರು ಒಳಗೆ ಬಂದರು. ಚಪ್ಪಲಿಯ ಮಣ್ಣು ಝಾಡಿಸಿದರು, ನೀರು ಕುಡಿದರು. ಮುಖದಲ್ಲಿ ದಣಿವಿರಲಿಲ್ಲ. ಬಿಸಿಲಿಗೆ ಕೆಂಪಾಗಿತ್ತು, ಆದರೆ ಶಾಂತವಾಗಿತ್ತು. ನನ್ನ ಹಿಂದೆ ಬಂದು ನಿಂತು ಬರಿ ಹಾಳೆಯನ್ನು ನೋಡಿದರು.

“ಮನಿ ಖಾಲಿ ಇತ್ತಲ್ಲ ಇಷ್ಟೊತ್ತು,” ಅಂದರು. “ಏನ ಚಿತ್ರ ತಗದಿ?”

“ಇನ್ನೂ ಶುರು ಮಾಡಿಲ್ರಿ,” ಅಂದೆ.